ಕುಮಾರಧಾರಾ ಮತ್ತು ಪಯಸ್ವಿನಿ ನದಿಗಳ ದೇವರ ಮೀನುಗಳು

ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಹರಿಯುವ ಕುಮಾರಧಾರಾ ಹಾಗೂ ಪಯಸ್ವಿನಿ ನದಿಗಳ ಮತ್ತು ಅವುಗಳ ಉಪನದಿಗಳ ಕೆಲವು ಮಡುಗಳಲ್ಲಿ, ದೇವಾಲಯಗಳ ಆಶ್ರಯದಲ್ಲಿ ಉಳಿದುಕೊಂಡು ಬಂದಿರುವ ಸಿಹಿನೀರಿನ ಮೀನುಗಳನ್ನು ದೇವರ ಮೀನುಗಳು ಎಂದು ಕರೆಯುತ್ತಾರೆ. ಇವುಗಳನ್ನು ಹಿಡಿಯುವುದು, ಕೊಲ್ಲುವುದು ಮತ್ತು ತಿನ್ನುವುದು ಸಂಪ್ರದಾಯದಂತೆ ನಿಷಿದ್ಧ. ಇಂತಹ ಮಡುಗಳಿಗೆ ಮತ್ಸ್ಯತೀರ್ಥ ಎಂಬ ಹೆಸರೂ ಇದೆ. ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯ ಮತ್ತು ಸುಳ್ಯ ತಾಲೂಕಿನ ತೊಡಿಕಾನ ಈ ಭಾಗದ ಪ್ರಸಿದ್ಧ ತಾಣಗಳು. ಮನುಷ್ಯನಿಗೆ ಹೆದರದೆ ದಡದವರೆಗೆ ಬರುವ ದೊಡ್ಡ ಮೀನುಗಳನ್ನು ಅವುಗಳ ಸಹಜ ನೆಲೆಯಲ್ಲಿಯೇ ನೋಡಬಹುದಾದ ಕಾರಣ, ಈ ಮಡುಗಳು ಯಾತ್ರಾಸ್ಥಳಗಳಾಗಿರುವಂತೆಯೇ ಜಲವನ್ಯಜೀವಿ ವೀಕ್ಷಣೆಯ ತಾಣಗಳೂ ಆಗಿವೆ.

ಮಡುವಿನೊಳಗೆ ಮೀನಿಗೆ ದೊರೆಯುವ ರಕ್ಷಣೆ ಮಡುವಿನಾಚೆಯ ನದಿಯಲ್ಲಿ ದೊರೆಯುವುದಿಲ್ಲ. ಆದರೆ ಈ ಮೀನಿನ ಜೀವನಚಕ್ರಕ್ಕೆ ಒಂದು ಮಡು ಸಾಲದು, ಹರಿಯುವ ನದಿಯೇ ಬೇಕು. ದೇವರ ಮೀನುಗಳ ಸಂರಕ್ಷಣೆಯ ಮುಖ್ಯ ಸಮಸ್ಯೆ ಇದೇ ಆಗಿದೆ.

ನದಿಗಳ ಪರಿಚಯ

ಕುಮಾರಧಾರಾ ನದಿಯು ಕೊಡಗು ಜಿಲ್ಲೆಯ ಪುಷ್ಪಗಿರಿ ಬೆಟ್ಟಸಾಲಿನಲ್ಲಿ ಹುಟ್ಟುತ್ತದೆ. ಈ ಸಾಲಿನ ಕುಮಾರಪರ್ವತ ಶಿಖರದ ಎತ್ತರ ಸಮುದ್ರಮಟ್ಟದಿಂದ 1,712 ಮೀಟರ್. ಪಶ್ಚಿಮಕ್ಕೆ ಇಳಿಯುವ ನದಿಯು ಕುಕ್ಕೆ ಸುಬ್ರಹ್ಮಣ್ಯದ ಮೂಲಕ ಹರಿದು, ಪುತ್ತೂರು ತಾಲೂಕಿನ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ನೇತ್ರಾವತಿ ಎಂಬ ಹೆಸರಿನಲ್ಲಿಯೇ ಹರಿದು ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಶಿರಾಡಿ ಘಾಟಿಯ ಕಡೆಯಿಂದ ಬರುವ ಗುಂಡ್ಯ ಹೊಳೆಯು ಕುಮಾರಧಾರೆಯ ಪ್ರಮುಖ ಉಪನದಿ.

ಪಯಸ್ವಿನಿ ನದಿಯೂ ಕೊಡಗಿನ ಬೆಟ್ಟಗಳಲ್ಲಿಯೇ ಹುಟ್ಟುತ್ತದೆ. ಸಂಪಾಜೆ, ಅರಂತೋಡು ಭಾಗಗಳನ್ನು ಹಾದು ಸುಳ್ಯ ಪಟ್ಟಣದ ಬದಿಯಲ್ಲಿ ಹರಿದು ಕೇರಳದ ಕಾಸರಗೋಡು ಜಿಲ್ಲೆಯನ್ನು ಪ್ರವೇಶಿಸುತ್ತದೆ. ಅಲ್ಲಿ ಚಂದ್ರಗಿರಿ ನದಿಯನ್ನು ಸೇರಿ ಕಾಸರಗೋಡಿನ ಬಳಿ ಕಡಲಿಗಿಳಿಯುತ್ತದೆ.

ಎರಡೂ ನದಿಗಳು ಪಶ್ಚಿಮ ಘಟ್ಟದ ಕಡಿದಾದ ಇಳಿಜಾರಿನಲ್ಲಿ ಅಲ್ಪ ದೂರದಲ್ಲಿಯೇ ಬಹಳ ಎತ್ತರದಿಂದ ಇಳಿಯುತ್ತವೆ. ಆದ್ದರಿಂದ ಇವುಗಳ ಮೇಲ್ಭಾಗದಲ್ಲಿ ಬಂಡೆಗಳ ನಡುವಿನ ರಭಸದ ಹರಿವು, ಜಲ್ಲಿಕಲ್ಲಿನ ತಳ ಮತ್ತು ಆಳವಾದ ಮಡುಗಳು ಒಂದಾದ ಮೇಲೊಂದು ಬರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬಿ ಹರಿಯುವ ಇವು ಮಾರ್ಚ್‌ ನಂತರ ಬಹಳ ಸೊರಗುತ್ತವೆ. ಬೇಸಗೆಯಲ್ಲಿ ಹರಿವು ತೆಳುವಾದಾಗ ದೊಡ್ಡ ಮೀನುಗಳಿಗೆ ಮಡುಗಳೇ ಆಸರೆ. ಮೀನುಗಳು ಒಂದೆಡೆ ಒತ್ತಾಗಿ ಸೇರುವ ಈ ಕಾಲವೇ ಅವುಗಳನ್ನು ಹಿಡಿಯಲು ಅತ್ಯಂತ ಸುಲಭವಾದ ಕಾಲವೂ ಹೌದು. ಆದ್ದರಿಂದ ಮಡುವಿಗೆ ರಕ್ಷಣೆ ನೀಡುವ ಪದ್ಧತಿಗೆ ಧಾರ್ಮಿಕ ಅರ್ಥದ ಜೊತೆಗೆ ಜೀವಶಾಸ್ತ್ರೀಯ ಅರ್ಥವೂ ಇದೆ.

ಮೀನುಗಳ ಪರಿಚಯ

ದೇವರ ಮೀನು ಎಂಬುದು ಒಂದೇ ಪ್ರಭೇದದ ಹೆಸರಲ್ಲ. ಮತ್ಸ್ಯತೀರ್ಥಗಳಲ್ಲಿ ಹಲವು ಜಾತಿಯ ಮೀನುಗಳು ಒಟ್ಟಿಗೆ ವಾಸಿಸುತ್ತವೆ. ಅವುಗಳಲ್ಲಿ ಗಾತ್ರದಿಂದಲೂ ಸಂಖ್ಯೆಯಿಂದಲೂ ಎದ್ದು ಕಾಣುವುದು ಮಹಶೀರ್. ತುಳುವಿನಲ್ಲಿ ಇದನ್ನು ಪೆರುವೋಳು ಎಂದು ಕರೆಯುವ ರೂಢಿಯಿದೆ. ಗೆಂಡೆ ಮೀನಿನ ಕುಟುಂಬಕ್ಕೆ ಸೇರಿದ ಮಹಶೀರ್‌ಗಳ ಕುಲದ ಹೆಸರು ಟಾರ್. ದಖನ್ ಪ್ರದೇಶದ ಮಹಶೀರನ್ನು ಡಬ್ಲ್ಯು. ಎಚ್. ಸೈಕ್ಸ್ 1839ರಲ್ಲಿ ವರ್ಣಿಸಿದರು. ಅದರ ಈಗಿನ ವೈಜ್ಞಾನಿಕ ಹೆಸರು ಟಾರ್ ಖುದ್ರೀ. ಮಲಬಾರಿನ ಬೆಟ್ಟದ ಹೊಳೆಗಳ ಮಹಶೀರನ್ನು ಟಿ. ಸಿ. ಜೆರ್ಡನ್ 1849ರಲ್ಲಿ ವರ್ಣಿಸಿದರು. ಅದು ಟಾರ್ ಮಲಬಾರಿಕಸ್. ಮಹಶೀರ್‌ಗಳಲ್ಲಿ ಬಣ್ಣ, ತುಟಿಯ ದಪ್ಪ ಮತ್ತು ದೇಹದ ಆಕಾರ ಒಂದೇ ಪ್ರಭೇದದೊಳಗೂ ಬದಲಾಗುವುದರಿಂದ, ದಡದಲ್ಲಿ ನಿಂತು ನೋಡಿದ ಮಾತ್ರಕ್ಕೆ ಪ್ರಭೇದವನ್ನು ನಿರ್ಧರಿಸುವುದು ಕಷ್ಟ.

ಮಹಶೀರಿನ ಮುಖ್ಯ ಲಕ್ಷಣಗಳು ಹೀಗಿವೆ:

- ದೇಹದ ಮೇಲೆ ಎಣಿಸಬಹುದಾದಷ್ಟು ದೊಡ್ಡ ಹುರುಪೆಗಳು.
- ಬಾಯಿಯ ಸುತ್ತ ಎರಡು ಜೊತೆ ಮೀಸೆಗಳು.
- ದವಡೆಯಲ್ಲಿ ಹಲ್ಲುಗಳಿಲ್ಲ. ಗಂಟಲಿನಲ್ಲಿರುವ ಬಲವಾದ ಹಲ್ಲುಗಳಿಂದ ಆಹಾರವನ್ನು ಅರೆಯುತ್ತದೆ.
- ಪಾಚಿ, ಕೀಟ, ಶಂಖದ ಹುಳು, ಸಣ್ಣ ಮೀನು ಮತ್ತು ನೀರಿಗೆ ಬೀಳುವ ಹಣ್ಣುಗಳು ಇದರ ಆಹಾರ.

ದಡದ ಅತ್ತಿ, ನೇರಳೆ ಮುಂತಾದ ಮರಗಳ ಹಣ್ಣುಗಳನ್ನು ಮೀನುಗಳು ತಿನ್ನುತ್ತವೆ. ಮರಗಳ ನೆರಳು ನೀರನ್ನು ತಂಪಾಗಿಡುತ್ತದೆ. ಹೀಗಾಗಿ ದಡದ ಕಾಡು ಕಡಿದರೆ ಮಡುವಿನ ಮೀನಿಗೂ ಹಾನಿಯಾಗುತ್ತದೆ.

ಮಹಶೀರಿಗೆ ತಂಪಾದ, ಆಮ್ಲಜನಕ ಹೇರಳವಾಗಿ ಬೆರೆತ, ಹರಿಯುವ ನೀರು ಅಗತ್ಯ. ಮಳೆಗಾಲದಲ್ಲಿ ನದಿ ತುಂಬಿದಾಗ ಬಲಿತ ಮೀನುಗಳು ಪ್ರವಾಹಕ್ಕೆ ಎದುರಾಗಿ ಮೇಲಕ್ಕೆ ಈಜಿ, ಜಲ್ಲಿಕಲ್ಲಿನ ತಳವಿರುವ ಹೊಳೆಗಳಲ್ಲಿ ಮೊಟ್ಟೆಯಿಡುತ್ತವೆ. ಮೊಟ್ಟೆಗಳು ನೀರಿಗಿಂತ ಭಾರವಾಗಿದ್ದು ಕಲ್ಲುಗಳ ಸಂದಿಯಲ್ಲಿ ಉಳಿದು ಮರಿಯಾಗುತ್ತವೆ. ಕಾಟ್ಲಾ, ರೋಹು ಮುಂತಾದ ಸಾಕಣೆಯ ಮೀನುಗಳಿಗೆ ಹೋಲಿಸಿದರೆ ಮಹಶೀರ್ ಇಡುವ ಮೊಟ್ಟೆಗಳ ಸಂಖ್ಯೆ ಕಡಿಮೆ; ಬೆಳವಣಿಗೆಯೂ ನಿಧಾನ. ಆದ್ದರಿಂದ ದೊಡ್ಡ ಮೀನುಗಳು ಒಮ್ಮೆ ನಾಶವಾದರೆ ಅವುಗಳ ಸ್ಥಾನ ತುಂಬಲು ಅನೇಕ ವರ್ಷಗಳು ಬೇಕಾಗುತ್ತವೆ.

ಪ್ರಮುಖ ತಾಣಗಳು

ಕುಕ್ಕೆ ಸುಬ್ರಹ್ಮಣ್ಯ: ಪುತ್ತೂರು ಮತ್ತು ಸುಳ್ಯ ತಾಲೂಕುಗಳ ಗ್ರಾಮಗಳನ್ನು ಸೇರಿಸಿ ಕಡಬ ತಾಲೂಕನ್ನು ರಚಿಸುವ ಮೊದಲು ಈ ಕ್ಷೇತ್ರವು ಸುಳ್ಯ ತಾಲೂಕಿನಲ್ಲಿತ್ತು. ತಾರಕಾಸುರನನ್ನು ಸಂಹರಿಸಿದ ಕುಮಾರಸ್ವಾಮಿಯು ತನ್ನ ಆಯುಧವನ್ನು ಇಲ್ಲಿನ ನದಿಯಲ್ಲಿ ತೊಳೆದುದರಿಂದ ನದಿಗೆ ಕುಮಾರಧಾರಾ ಎಂಬ ಹೆಸರು ಬಂದಿತೆಂದು ಸ್ಥಳಪುರಾಣ ಹೇಳುತ್ತದೆ. ದೇವರ ದರ್ಶನಕ್ಕೆ ಮೊದಲು ಭಕ್ತರು ಕುಮಾರಧಾರಾ ಸ್ನಾನಘಟ್ಟದಲ್ಲಿ ಮೀಯುವುದು ರೂಢಿ. ಈ ಸ್ನಾನಘಟ್ಟದ ಆಸುಪಾಸಿನಲ್ಲಿ ಮೀನುಗಳನ್ನು ಕಾಣಬಹುದು. ಚಂಪಾಷಷ್ಠಿಯ ಸಂದರ್ಭದಲ್ಲಿ ಇಲ್ಲಿ ಭಕ್ತರ ದಟ್ಟಣೆ ಅತ್ಯಧಿಕವಾಗಿರುತ್ತದೆ. ನದಿಯ ಮೇಲ್ಭಾಗದಲ್ಲಿರುವ ಪುಷ್ಪಗಿರಿ ವನ್ಯಜೀವಿ ಅಭಯಾರಣ್ಯವು 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದು.

ತೊಡಿಕಾನ: ಸುಳ್ಯ ತಾಲೂಕಿನ ಈ ಗ್ರಾಮದಲ್ಲಿ ಮಲ್ಲಿಕಾರ್ಜುನ ದೇವಾಲಯವಿದೆ. ದೇವಾಲಯದ ಬಳಿಯ ಹೊಳೆಯಲ್ಲಿ ಮತ್ಸ್ಯತೀರ್ಥವಿದ್ದು, ಹೊಳೆಯು ಪಯಸ್ವಿನಿಯ ಜಲಾನಯನ ಪ್ರದೇಶಕ್ಕೆ ಸೇರಿದೆ. ಕುಕ್ಕೆಯಂತಹ ದೊಡ್ಡ ನದಿಯಲ್ಲದೆ ಇದು ಕಾಡಿನ ನಡುವಿನ ಕಿರುಹೊಳೆಯಾದ್ದರಿಂದ ನೀರು ತಿಳಿಯಾಗಿದ್ದು, ಮೀನುಗಳು ಬಹಳ ಹತ್ತಿರದಿಂದ ಕಾಣುತ್ತವೆ. ಸಮೀಪದಲ್ಲಿ ದೇವರಗುಂಡಿ ಎಂಬ ಜಲಪಾತವಿದೆ.

ಉಪ್ಪಿನಂಗಡಿ: ಪುತ್ತೂರು ತಾಲೂಕಿನ ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರ ದೇವಾಲಯದ ಬಳಿ ಕುಮಾರಧಾರಾ ಮತ್ತು ನೇತ್ರಾವತಿಗಳ ಸಂಗಮವಿದೆ. ಮಳೆಗಾಲದಲ್ಲಿ ಎರಡೂ ನದಿಗಳು ಉಕ್ಕಿ ದೇವಾಲಯದ ಎದುರು ಸೇರುವುದನ್ನು ಸಂಗಮವೆಂದು ಪೂಜಿಸುತ್ತಾರೆ. ಇದು ಮತ್ಸ್ಯತೀರ್ಥವೆಂದು ಹೆಸರಾದ ಸ್ಥಳವಲ್ಲ. ಆದರೆ ಕೆಳಗಿನ ದೊಡ್ಡ ನದಿಗೂ ಮೇಲಿನ ಮಡುಗಳಿಗೂ ನಡುವಿನ ದಾರಿ ಇದೇ ಆದ್ದರಿಂದ ಮೀನುಗಳ ಸಂಚಾರದ ದೃಷ್ಟಿಯಿಂದ ಮುಖ್ಯವಾಗಿದೆ.

ನೆರೆಯ ಬೆಳ್ತಂಗಡಿ ತಾಲೂಕಿನಲ್ಲಿ ಕಪಿಲಾ ನದಿಯ ದಡದ ಶಿಶಿಲ, ಚಿಕ್ಕಮಗಳೂರು ಜಿಲ್ಲೆಯಲ್ಲಿ ತುಂಗಾತೀರದ ಶೃಂಗೇರಿ, ಶಿವಮೊಗ್ಗ ಜಿಲ್ಲೆಯಲ್ಲಿ ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ ಮತ್ತು ಹಾಸನ ಜಿಲ್ಲೆಯಲ್ಲಿ ಕಾವೇರಿ ತೀರದ ರಾಮನಾಥಪುರಗಳಲ್ಲಿಯೂ ಇದೇ ಬಗೆಯ ರಕ್ಷಿತ ಮಡುಗಳಿವೆ.

ನಂಬಿಕೆ ಮತ್ತು ಕಟ್ಟುಪಾಡು

ಮತ್ಸ್ಯತೀರ್ಥದ ಮೀನುಗಳು ದೇವರಿಗೆ ಸೇರಿದವು. ಅವುಗಳನ್ನು ಹಿಡಿದವರಿಗೆ ಕೇಡಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಚರ್ಮರೋಗ ನಿವಾರಣೆ ಮುಂತಾದ ಉದ್ದೇಶಗಳಿಂದ ಮೀನುಗಳಿಗೆ ಅಕ್ಕಿ ಅಥವಾ ಹೊದಲು ಹಾಕುವ ಹರಕೆ ಹೇಳಿಕೊಳ್ಳುವ ಪದ್ಧತಿಯೂ ಇದೆ. ಮೀನು ತಿನ್ನುವುದು ದಿನನಿತ್ಯದ ಊಟದ ಭಾಗವಾಗಿರುವ ತುಳುನಾಡಿನಲ್ಲಿ, ಅದೇ ಹೊಳೆಯ ಒಂದು ಭಾಗದ ಮೀನನ್ನು ಮಾತ್ರ ಮುಟ್ಟದೆ ಬಿಡುವ ಈ ಕಟ್ಟುಪಾಡು ಗಮನಾರ್ಹವಾದುದು. ಕಾಡಿನ ಒಂದು ತುಂಡನ್ನು ನಾಗಬನವೆಂದು ಕಡಿಯದೆ ಬಿಡುವ ಈ ಪ್ರದೇಶದ ಪದ್ಧತಿಗೆ ಇದು ಸಮಾನಾಂತರವಾಗಿದೆ. ಬನಕ್ಕೆ ಗಡಿಯಿದ್ದಂತೆ ಮಡುವಿಗೂ ಗಡಿಯಿದೆ. ಸ್ಥಳೀಯರಿಗೆ ಅದು ಬಂಡೆ, ತಿರುವುಗಳ ಗುರುತಿನಿಂದ ತಿಳಿದಿರುತ್ತದೆ.

ಐತಿಹಾಸಿಕ ದಾಖಲೆಗಳು

ಈ ಜಿಲ್ಲೆಯ ನದಿಮೀನುಗಳ ಬಗ್ಗೆ ಹತ್ತೊಂಬತ್ತನೆಯ ಶತಮಾನದಿಂದಲೇ ಬರವಣಿಗೆ ಲಭ್ಯವಿದೆ. ದಕ್ಷಿಣ ಕೆನರಾ ಜಿಲ್ಲೆಯ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಜಿಲ್ಲೆಯ ಮತ್ಸ್ಯಕೃಷಿಯ ಕುರಿತು 1870ರಲ್ಲಿ ವರದಿಯೊಂದನ್ನು ಸಿದ್ಧಪಡಿಸಿದರು. ಮರಿಮೀನುಗಳನ್ನು ವಿವೇಚನೆಯಿಲ್ಲದೆ ಹಿಡಿಯುವುದರಿಂದಲೂ ನೀರಿಗೆ ವಿಷ ಹಾಕುವುದರಿಂದಲೂ ಆಗುವ ನಾಶವು ಅವರ ಕಾಳಜಿಯ ವಿಷಯವಾಗಿತ್ತು. ಗಾಳದ ಮೀನುಗಾರಿಕೆಯನ್ನು ಕುರಿತ ಅವರ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಮತ್ಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಡೇ ದಕ್ಷಿಣ ಕೆನರಾದ ನದಿಗಳ ಮೀನೊಂದಕ್ಕೆ 1874ರಲ್ಲಿ ಥಾಮಸ್ ಅವರ ಹೆಸರನ್ನೇ ಇಟ್ಟರು. ಅದು ಈಗ ಹಿಪ್ಸೆಲೋಬಾರ್ಬಸ್ ಥಾಮಸ್ಸಿ ಎಂದು ಪರಿಚಿತವಾಗಿದೆ.

ವೀಕ್ಷಣೆಯ ಕಾಲ ಮತ್ತು ಕ್ರಮ

ಮೀನುಗಳನ್ನು ನೋಡಲು ನವೆಂಬರ್‌ನಿಂದ ಮೇ ತಿಂಗಳವರೆಗಿನ ಅವಧಿ ಸೂಕ್ತ. ಈ ಕಾಲದಲ್ಲಿ ನೀರು ತಿಳಿಯಾಗಿದ್ದು ಹರಿವು ಶಾಂತವಾಗಿರುತ್ತದೆ. ಮಳೆಗಾಲದಲ್ಲಿ ನೀರು ಕೆಂಪಾಗಿ ಮೀನುಗಳು ಕಾಣುವುದಿಲ್ಲ. ಘಟ್ಟದ ಮೇಲೆ ಮಳೆ ಸುರಿದರೆ ಕೆಳಗೆ ಬಿಸಿಲಿದ್ದರೂ ನೀರಿನ ಮಟ್ಟ ಹಠಾತ್ತನೆ ಏರುವುದರಿಂದ ಆಗ ಹೊಳೆಗಿಳಿಯುವುದು ಅಪಾಯಕರ.

ಇಲ್ಲಿ ವೀಕ್ಷಣೆಗೆ ದೋಣಿಯ ಅಗತ್ಯವಿಲ್ಲ. ಸ್ನಾನಘಟ್ಟದ ಮೆಟ್ಟಿಲು ಅಥವಾ ದಡದ ಬಂಡೆಯ ಮೇಲೆ ನಿಂತೇ ಮೀನುಗಳನ್ನು ನೋಡಬಹುದು. ವೀಕ್ಷಕರು ಅನುಸರಿಸಬೇಕಾದ ಮುಖ್ಯ ನಿಯಮಗಳು ಇವು:

- ಪ್ಲಾಸ್ಟಿಕ್ ಚೀಲ, ಬಟ್ಟೆ, ಸಾಬೂನುಗಳನ್ನು ನೀರಿಗೆ ಬಿಡಬಾರದು.
- ಬ್ರೆಡ್, ಬಿಸ್ಕತ್ತು ಮುಂತಾದ ತಯಾರಿಸಿದ ತಿನಿಸುಗಳನ್ನು ಹಾಕಬಾರದು. ತಿನ್ನದೆ ಉಳಿದ ಆಹಾರವು ಕೊಳೆತು ನೀರಿನ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ. ಬೇಸಗೆಯ ನಿಂತ ನೀರಿನಲ್ಲಿ ಇದರ ಪರಿಣಾಮ ಹೆಚ್ಚು.
- ಮೀನುಗಳನ್ನು ಮುಟ್ಟುವುದು, ಎತ್ತುವುದು, ಮಡುವಿಗೆ ಕಲ್ಲೆಸೆಯುವುದು ಸಲ್ಲದು.
- ಬೇರೆಡೆಯ ಮೀನುಗಳನ್ನು ಅಥವಾ ಸಾಕಿದ ಬಣ್ಣದ ಮೀನುಗಳನ್ನು ತಂದು ಬಿಡಬಾರದು.

ನದಿಯ ದಡಗಳಲ್ಲಿ ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿ ಮತ್ತು ಗರುಡಗಳನ್ನು ಕಾಣಬಹುದು. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ, ಜನಸಂಚಾರವಿಲ್ಲದ ಭಾಗಗಳಲ್ಲಿ ನೀರುನಾಯಿಗಳು ಕಾಣಸಿಗುವುದುಂಟು. ಮೀನನ್ನೇ ತಿಂದು ಬದುಕುವ ನೀರುನಾಯಿಯ ಇರುವಿಕೆಯು ಹೊಳೆ ಆರೋಗ್ಯವಾಗಿರುವುದರ ಸೂಚನೆ.

ಇತರ ಜಲವನ್ಯಜೀವಿ ವೀಕ್ಷಣೆಗಳೊಂದಿಗೆ ಹೋಲಿಕೆ

ನೀರಿನ ಮೇಲಿಂದ ಅಥವಾ ನೀರಿನ ಅಂಚಿನಿಂದ ವನ್ಯಜೀವಿಗಳನ್ನು ನೋಡುವ ಪದ್ಧತಿ ಜಗತ್ತಿನ ಹಲವೆಡೆ ಇದೆ. ಎಲ್ಲೆಡೆಯೂ ಏಳುವ ಪ್ರಶ್ನೆ ಒಂದೇ: ನೋಡುವವನು ಎಷ್ಟು ಹತ್ತಿರ ಹೋಗಬಹುದು, ಆ ಮಿತಿಯನ್ನು ನಿರ್ಧರಿಸುವವರು ಯಾರು?

ಕರ್ನಾಟಕದಲ್ಲಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಇದಕ್ಕೆ ಪ್ರಸಿದ್ಧ ಉದಾಹರಣೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಇಲ್ಲಿ ಕಾವೇರಿಯ ನಡುಗಡ್ಡೆಗಳ ಹಕ್ಕಿಗಳನ್ನೂ ಮೊಸಳೆಗಳನ್ನೂ ದೋಣಿಯಲ್ಲಿ ಕುಳಿತು ನೋಡಬಹುದು. 2022ರಲ್ಲಿ ಇದು ರಾಮ್ಸಾರ್ ತಾಣವಾಯಿತು.

ಉತ್ತರ ಧ್ರುವಕ್ಕೆ ಸಮೀಪದ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿ ಹಿಮಕರಡಿ, ವಾಲ್ರಸ್, ತಿಮಿಂಗಿಲ ಮತ್ತು ಕಡಲಹಕ್ಕಿಗಳನ್ನು ನೋಡಲು ನೌಕಾಯಾನಗಳು ನಡೆಯುತ್ತವೆ. ಪ್ರವಾಸಿಗರ ಒತ್ತಡ ಹೆಚ್ಚಿದಂತೆ ಅಲ್ಲಿ ಕಾನೂನನ್ನು ಬಿಗಿಗೊಳಿಸಲಾಗಿದೆ. 2025ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ, ಮಾರ್ಚ್ 1ರಿಂದ ಜೂನ್ 30ರವರೆಗೆ ಹಿಮಕರಡಿಯಿಂದ ಕನಿಷ್ಠ 500 ಮೀಟರ್, ವರ್ಷದ ಉಳಿದ ಅವಧಿಯಲ್ಲಿ ಕನಿಷ್ಠ 300 ಮೀಟರ್ ದೂರದಲ್ಲಿರಬೇಕು. ಸಂರಕ್ಷಿತ ಪ್ರದೇಶಗಳಿಗೆ ಹೋಗುವ ಹಡಗುಗಳಲ್ಲಿ 200ಕ್ಕಿಂತ ಹೆಚ್ಚು ಪ್ರಯಾಣಿಕರಿರುವಂತಿಲ್ಲ.

ಸ್ವಾಲ್‌ಬಾರ್ಡ್‌ನಲ್ಲಿ ಈ ಮಿತಿಯನ್ನು ಸರಕಾರ ಮೀಟರುಗಳಲ್ಲಿ ನಿಗದಿಪಡಿಸಿದೆ. ಕುಕ್ಕೆ, ತೊಡಿಕಾನಗಳಲ್ಲಿ ಅದನ್ನು ಕಾಯ್ದುಕೊಂಡು ಬಂದಿರುವುದು ಭಕ್ತಿ ಮತ್ತು ಊರಿನ ಕಟ್ಟುಪಾಡು. ಇಲ್ಲಿ ಮನುಷ್ಯ ದೂರ ನಿಲ್ಲುವುದಿಲ್ಲ, ಮೀನಿನ ಜೊತೆಯಲ್ಲಿಯೇ ನೀರಿಗಿಳಿಯುತ್ತಾನೆ. ಆದರೆ ಕೈ ಹಾಕುವುದಿಲ್ಲ. ಕಾವಲುಗಾರರ ಪಡೆಯಿಲ್ಲದೆ ನಡೆದುಬಂದಿರುವುದು ಈ ವ್ಯವಸ್ಥೆಯ ಬಲ. ನಂಬಿಕೆಯಿಲ್ಲದ ಒಬ್ಬನೇ ವ್ಯಕ್ತಿ ಅದನ್ನು ಮುರಿಯಬಲ್ಲ ಎಂಬುದು ಅದರ ದೌರ್ಬಲ್ಯ.

ಅಪಾಯಗಳು

ವಿಷಪ್ರಯೋಗ: 1996ರಲ್ಲಿ ಶಿಶಿಲದ ಮತ್ಸ್ಯತೀರ್ಥದಲ್ಲಿ ದುಷ್ಕರ್ಮಿಗಳು ನೀರಿಗೆ ವಿಷ ಬೆರೆಸಿದ್ದರಿಂದ ಅಪಾರ ಸಂಖ್ಯೆಯ ಮೀನುಗಳು ಸತ್ತವು. ಅವುಗಳ ನೆನಪಿಗಾಗಿ ಅಲ್ಲಿ ಸ್ಮಾರಕವಿದೆ. ಬೇಸಗೆಯಲ್ಲಿ ಮೀನುಗಳೆಲ್ಲ ಒಂದೇ ಮಡುವಿನಲ್ಲಿ ಸೇರುವುದರಿಂದ ಒಂದು ರಾತ್ರಿಯ ಕೃತ್ಯವು ಹಲವು ವರ್ಷಗಳ ರಕ್ಷಣೆಯನ್ನು ವ್ಯರ್ಥಗೊಳಿಸಬಲ್ಲದು.

ಕೃಷಿ ರಾಸಾಯನಿಕಗಳು: ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮುಖ್ಯ ಬೆಳೆ ಅಡಿಕೆ. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗದ ತಡೆಗೆ ಮೈಲುತುತ್ತು ಮತ್ತು ಸುಣ್ಣದಿಂದ ತಯಾರಿಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಮೈಲುತುತ್ತಿನಲ್ಲಿರುವ ತಾಮ್ರವು ಮೀನುಗಳಿಗೆ, ವಿಶೇಷವಾಗಿ ಮರಿಗಳಿಗೆ ಹಾನಿಕರ. ಉಳಿದ ದ್ರಾವಣವನ್ನು ಹೊಳೆಗೆ ಚೆಲ್ಲದಿರುವುದು, ಪಾತ್ರೆಗಳನ್ನು ಹೊಳೆಯಲ್ಲಿ ತೊಳೆಯದಿರುವುದು ಬೆಳೆಗಾರರು ಸುಲಭವಾಗಿ ಪಾಲಿಸಬಹುದಾದ ಎಚ್ಚರಿಕೆಗಳು.

ಹೂಳು: 2018ರ ಆಗಸ್ಟ್‌ನಲ್ಲಿ ಕೊಡಗಿನ ಜೋಡುಪಾಲ ಮುಂತಾದ ಕಡೆ ಭಾರಿ ಭೂಕುಸಿತಗಳಾಗಿ, ಮಣ್ಣು ಮತ್ತು ಮರಗಳು ಪಯಸ್ವಿನಿಗೆ ಕೊಚ್ಚಿಕೊಂಡು ಬಂದವು. ಜಲ್ಲಿಕಲ್ಲಿನ ಸಂದಿಗಳನ್ನು ಹೂಳು ಮುಚ್ಚಿದರೆ ಮೊಟ್ಟೆಯಿಡುವ ಜಾಗವೇ ಇಲ್ಲವಾಗುತ್ತದೆ. ನದಿಪಾತ್ರದ ಮರಳು ಮತ್ತು ಜಲ್ಲಿಯನ್ನು ತೆಗೆಯುವುದರಿಂದಲೂ ಇದೇ ಬಗೆಯ ನಷ್ಟವಾಗುತ್ತದೆ.

ಅಡ್ಡಗಟ್ಟೆಗಳು ಮತ್ತು ನೀರಿನ ತಿರುವು: ನೇತ್ರಾವತಿಯ ಕೆಳಭಾಗದಲ್ಲಿ ಮಂಗಳೂರಿಗೆ ಕುಡಿಯುವ ನೀರು ಒದಗಿಸುವ ತುಂಬೆಯ ಕಿಂಡಿ ಅಣೆಕಟ್ಟು ಇದೆ. ಇಂತಹ ಕಟ್ಟೆಗಳ ಬಾಗಿಲು ಮುಚ್ಚಿರುವಾಗ ಮೀನುಗಳ ಸಂಚಾರಕ್ಕೆ ಅಡ್ಡಿಯಾಗುತ್ತದೆ. ಗುಂಡ್ಯದಲ್ಲಿ ಉದ್ದೇಶಿಸಲಾಗಿದ್ದ ಜಲವಿದ್ಯುತ್ ಯೋಜನೆಗೆ ಅನುಮತಿ ನೀಡಬಾರದೆಂದು ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮ ಘಟ್ಟ ಪರಿಸರ ತಜ್ಞರ ಸಮಿತಿಯು 2011ರ ವರದಿಯಲ್ಲಿ ಶಿಫಾರಸು ಮಾಡಿತು. ಸಕಲೇಶಪುರ ತಾಲೂಕಿನಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುವ ಹೊಳೆಗಳ 24.01 ಟಿಎಂಸಿ ನೀರನ್ನು ಪೂರ್ವದ ಬಯಲುಸೀಮೆಯ ಜಿಲ್ಲೆಗಳಿಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಚಾಲನೆಗೊಂಡಿತು. ಈ ಯೋಜನೆಯು ಮಳೆಗಾಲದ ನೀರನ್ನು ಬಳಸುತ್ತದೆ. ಮಹಶೀರ್ ಮೇಲ್ಮುಖವಾಗಿ ಸಾಗಿ ಮೊಟ್ಟೆಯಿಡುವುದೂ ಅದೇ ಕಾಲದಲ್ಲಿ. ಬಯಲುಸೀಮೆಯ ಕುಡಿಯುವ ನೀರಿನ ಅಗತ್ಯ ಮತ್ತು ಪಶ್ಚಿಮದ ಹೊಳೆಗಳ ಜೀವಸಂಕುಲದ ಅಗತ್ಯಗಳ ನಡುವಿನ ಈ ಪ್ರಶ್ನೆ ಕರಾವಳಿಯಲ್ಲಿ ದೀರ್ಘಕಾಲದ ಚರ್ಚೆಗೆ ಕಾರಣವಾಗಿದೆ.

ಕಾನೂನು ರಕ್ಷಣೆ

ಸ್ಫೋಟಕ ಅಥವಾ ವಿಷ ಬಳಸಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವೇ ಅಪರಾಧವೆಂದು ಪರಿಗಣಿಸಿತ್ತು. ಒಳನಾಡು ಮೀನುಗಾರಿಕೆಯ ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣಕ್ಕಾಗಿ ಕರ್ನಾಟಕವು 1996ರ ಪ್ರತ್ಯೇಕ ಅಧಿನಿಯಮವನ್ನು ಹೊಂದಿದೆ.

ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಟಾರ್ ಖುದ್ರೀಯನ್ನು ಮೊದಲು ಅಪಾಯದಂಚಿನ ಪ್ರಭೇದವೆಂದು ಗುರುತಿಸಲಾಗಿತ್ತು. ಅನಂತರದ ಮರುಮೌಲ್ಯಮಾಪನದಲ್ಲಿ ಕಡಿಮೆ ಆತಂಕದ ವರ್ಗಕ್ಕೆ ಸೇರಿಸಲಾಯಿತು. ಕಾವೇರಿಯ ಗೂನುಬೆನ್ನಿನ ಮಹಶೀರ್, ಅಂದರೆ ಟಾರ್ ರೆಮಾದೇವಿಯ ಸ್ಥಿತಿ ಇದಕ್ಕೆ ವಿರುದ್ಧವಾದುದು. ಅದು 2018ರಿಂದ ತೀವ್ರ ಅಪಾಯದಂಚಿನ ವರ್ಗದಲ್ಲಿದೆ. ಮಹಾರಾಷ್ಟ್ರದ ಲೋಣಾವಳದ ಮರಿ ಉತ್ಪಾದನಾ ಕೇಂದ್ರದಿಂದ 1970ರ ದಶಕದ ನಂತರ ಕಾವೇರಿಗೆ ತಂದು ಬಿಟ್ಟ ಖುದ್ರೀ ಮಹಶೀರ್‌ಗಳು ಅಲ್ಲಿನ ಮೂಲ ಮಹಶೀರಿಗೆ ಪೈಪೋಟಿಯಾದವು. ಒಂದು ನದಿಯ ಮೀನು ನಾಶವಾದರೆ ಬೇರೆಡೆಯಿಂದ ಮರಿ ತಂದು ಬಿಡಬಹುದು ಎಂಬ ಸುಲಭ ಪರಿಹಾರದ ಮಿತಿಯನ್ನು ಈ ಅನುಭವ ತೋರಿಸುತ್ತದೆ.

ಮಡುವಿನಾಚೆಯ ಸಂರಕ್ಷಣೆ

ಮತ್ಸ್ಯತೀರ್ಥಗಳು ಬಲಿತ ಮೀನುಗಳನ್ನು ಬೇಸಗೆಯಲ್ಲಿ ಉಳಿಸಿಕೊಡುತ್ತವೆ. ಮಳೆಗಾಲದಲ್ಲಿ ಅದೇ ಮೀನುಗಳು ಮಡುವನ್ನು ಬಿಟ್ಟು ಹೊರಟಾಗ ದೇವಾಲಯದ ಗಡಿ ಅವುಗಳನ್ನು ರಕ್ಷಿಸುವುದಿಲ್ಲ. ಮೇಲಿನ ಹೊಳೆಯಲ್ಲಿ ಜಲ್ಲಿಕಲ್ಲಿನ ತಳ ಉಳಿದಿರಬೇಕು, ನಡುವೆ ದಾಟಲಾಗದ ಕಟ್ಟೆಯಿರಬಾರದು, ಮರಿಗಳು ಬೆಳೆಯುವ ಅಂಚಿನ ನೀರು ಶುದ್ಧವಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮಡುವಿನಲ್ಲಿ ದೊಡ್ಡ ಮೀನುಗಳು ಕೆಲವು ವರ್ಷ ಕಾಣುತ್ತಲೇ ಇರುತ್ತವೆ. ಆದರೆ ಹೊಸ ಪೀಳಿಗೆ ಸೇರುವುದಿಲ್ಲ. ಹೀಗಾಗಿ ಸ್ನಾನಘಟ್ಟದಲ್ಲಿ ದೊಡ್ಡ ಮೀನು ಕಾಣುತ್ತಿದೆ ಎಂಬುದೊಂದರಿಂದಲೇ ನದಿ ಕ್ಷೇಮವಾಗಿದೆ ಎಂದು ತೀರ್ಮಾನಿಸಲಾಗದು. ಸಣ್ಣ ಮೀನುಗಳೂ ಮರಿಗಳೂ ಜೊತೆಯಲ್ಲಿ ಇವೆಯೇ ಎಂಬುದು ಅದಕ್ಕಿಂತ ವಿಶ್ವಾಸಾರ್ಹವಾದ ಸೂಚಕ.